ಮೂರು ದಿನ ಮೊದಲೇ ಗೊತ್ತಾದರೆ ರೈತನ ಕೈಗೆ ಏನು ಬಂತು?



ಯುಗಾದಿ ಕಳೆಯಿತೆಂದರೆ ನಮ್ಮೆಲ್ಲರ ಕಣ್ಣು ಮುಗಿಲ ಕಡೆ. ರೇವತಿ, ಅಶ್ವಿನಿ, ಭರಣಿ ಎಂದು ಬೆರಳು ಮಡಚಿ ಎಣಿಸುತ್ತ ಕೂರುವ ಕಾಲ ಇದು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಮಾಗಿ ಉಳುಮೆ ಮಾಡಿದ ಹೊಲಕ್ಕೆ ಆ ಮಳೆ ಬೇಕೇ ಬೇಕು. ಆದರೆ ಅದೇ ಭರಣಿ ಮಳೆ ಕೊಯ್ಲಿಗೆ ಬಂದ ಭತ್ತದ ಮೇಲೆ, ಗೊನೆ ಹೊತ್ತ ಬಾಳೆಯ ಮೇಲೆ, ಕಾಯಿ ಬಲಿತ ಮಾವಿನ ಮೇಲೆ, ಶೆಡ್ಡಿನಲ್ಲಿ ಒಣಗಲು ಹಾಕಿದ ದ್ರಾಕ್ಷಿಯ ಮೇಲೆ ಬಿದ್ದರೆ? ಒಬ್ಬನ ಹೊಲಕ್ಕೆ ಹದ, ಬದುವಿನ ಆಚೆಯವನ ಕಣಕ್ಕೆ ಕೇಡು. ಬೇಸಿಗೆ ಮಳೆಯ ಸ್ವಭಾವವೇ ಹಾಗೆ.

ಈಗ ಪಂಚಾಂಗದ ಜೊತೆಗೆ ಇನ್ನೊಂದು ಬಂದಿದೆ. ದಿನಾ ಮಧ್ಯಾಹ್ನ, ಸಂಜೆ, ಮೊಬೈಲ್ ತೆರೆದರೆ ಇಡೀ ದೇಶದ ನಕ್ಷೆ, ಅದರ ಮೇಲೆ ಹಸಿರು, ಹಳದಿ, ಕಿತ್ತಳೆ, ಕೆಂಪು. "ಇದೇನ್ರೀ, ಹೋಳಿ ಆಡಿದಂಗೆ ಬಣ್ಣ ಬಳಿದಾರೆ" ಎಂದು ನಮ್ಮ ಚಂದಾದಾರರೊಬ್ಬರು ಕೇಳಿದರು. ನಗಬೇಡಿ. ಆ ಬಣ್ಣ ಓದಲು ಬಂದವನಿಗೂ ಬಾರದವನಿಗೂ ನಡುವೆ ಒಂದು ಎತ್ತಿನ ಬೆಲೆಯಷ್ಟು ವ್ಯತ್ಯಾಸ ಬೀಳುವ ದಿನಗಳು ಇವು. ಹಾಗಂತ ಬಣ್ಣ ಓದಲು ಬಂದ ಮಾತ್ರಕ್ಕೆ ಸಾಲ ತೀರುವುದೂ ಇಲ್ಲ. ಈ ಎರಡನ್ನೂ ಈ ತಿಂಗಳು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ಓದುವ ವಿಚಾರ. ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿದ್ದು. ಅದರ ಭಾಷೆ ಇವತ್ತಿಗೂ ಕಚೇರಿ ಭಾಷೆಯೇ. "ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಮಿಂಚು ಸಹಿತ ಮಳೆ, ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಬಿರುಗಾಳಿ" ಎಂದು ಬರೆಯುತ್ತಾರೆ. ನಾವು ಓದುತ್ತೇವೆ, ಮೂರು ದಿನ ಕಾಯುತ್ತೇವೆ, ನಮ್ಮ ಊರಿಗೆ ಹನಿ ಬೀಳುವುದಿಲ್ಲ, "ಇವರ ಮಾತು ಕೇಳಿದರೆ ಆಯ್ತು ಬಿಡು" ಎಂದು ಬೈಯುತ್ತೇವೆ. ಆದರೆ ಆ "ಒಂದೆರಡು ಕಡೆ" ಎಂಬುದಕ್ಕೆ ಲೆಕ್ಕ ಇದೆ. ಆ ಭಾಗದಲ್ಲಿ ಇರುವ ಮಳೆ ಅಳೆಯುವ ಜಾಗಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾದರೆ ಅದು ಒಂದೆರಡು ಕಡೆ. 26ರಿಂದ 50 ಆದರೆ ಕೆಲವು ಕಡೆ. 51ರಿಂದ 75 ಆದರೆ ಹಲವು ಕಡೆ. ಅದಕ್ಕೂ ಮೇಲೆ ಹೋದರೆ ಬಹುತೇಕ ಕಡೆ. ಅಂದರೆ ಒಂದೆರಡು ಕಡೆ ಎಂದ ದಿನ ನಾಲ್ಕು ಊರಲ್ಲಿ ಮೂರು ಊರಿಗೆ ಮಳೆ ಬಾರದೆ ಇರುವುದೇ ಆ ಮಾತಿನ ಅರ್ಥ. ಬಾರದಿದ್ದರೆ ಅವರು ಸುಳ್ಳು ಹೇಳಿದರು ಎಂದಲ್ಲ. ಹಾಗೆಯೇ ನಮ್ಮ ರಾಜ್ಯವನ್ನು ಅವರು ಮೂರೇ ತುಂಡು ಮಾಡಿಕೊಂಡಿದ್ದಾರೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಬೀದರಿನ ತೊಗರಿ ಹೊಲವೂ ಹಾವೇರಿಯ ಮೆಕ್ಕೆಜೋಳದ ಹೊಲವೂ ಒಂದೇ ತುಂಡಿನಲ್ಲಿ ಬಂತು. ಹೀಗಾಗಿ ತುಂಡಿನ ಮಾತು ಬಿಟ್ಟು ಜಿಲ್ಲೆಯ ಬಣ್ಣ ನೋಡಿ.

ಬಣ್ಣ ಎಂದರೆ ಮಳೆಯ ಅಳತೆಯಲ್ಲ. ಹಾನಿ ಎಷ್ಟಾಗಬಹುದು, ಆಗುವ ಸಂಭವ ಎಷ್ಟು ಎಂಬುದರ ಗುರುತು. ಹಸಿರಾದರೆ ನಿಮ್ಮ ಕೆಲಸ ನೀವು ಮಾಡಿ. ಹಳದಿಯಾದರೆ ಕಿವಿ ತೆರೆದಿಟ್ಟಿರಿ. ಕಿತ್ತಳೆಯಾದರೆ ಸಿದ್ಧವಾಗಿರಿ. ಕೆಂಪಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಏಳಿ. ಇನ್ನು ಮೂರು ಗಂಟೆಗೊಮ್ಮೆ ಕೊಡುವ ತಕ್ಷಣದ ಸೂಚನೆ ಬೇರೆ ಇದೆ. ಬೇಸಿಗೆಯ ಗುಡುಗು ಮಳೆಗೆ ನಿಜವಾಗಿ ನಂಬಬೇಕಾದ್ದು ಅದನ್ನೇ. ಯಾಕೆಂದರೆ ಈ ಮಳೆ ಹುಟ್ಟುವುದೇ ಆ ದಿನದ ಮಧ್ಯಾಹ್ನ. ಬಿಸಿಲಿಗೆ ನೆಲ ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ. ಮಧ್ಯಪ್ರದೇಶ, ವಿದರ್ಭದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಗಾಳಿ ಕೂಡುವ ಒಂದು ತಗ್ಗು ಪಟ್ಟೆ ಮಾರ್ಚಿನಿಂದ ಮೇವರೆಗೆ ಮತ್ತೆ ಮತ್ತೆ ಏಳುತ್ತದೆ. ಎರಡೂ ಕಡಲ ತೇವ ಅಲ್ಲಿಗೆ ಬಂದು ಸೇರುತ್ತದೆ. ಆ ಪಟ್ಟೆ ಎಲ್ಲಿ ಬಿದ್ದಿದೆ ಎಂದು ಎರಡು ಮೂರು ದಿನ ಮೊದಲೇ ಹೇಳಬಹುದು. ಆ ಪಟ್ಟೆಯೊಳಗೆ ಯಾವ ಊರ ಮೇಲೆ ಮೋಡ ಒಡೆಯುತ್ತದೆ ಎಂದು ಮೂರು ದಿನ ಮೊದಲು ಹೇಳುವವನು ಇನ್ನೂ ಹುಟ್ಟಿಲ್ಲ.

2025ರ ಮೇ 26ರಂದು ಕೇಂದ್ರ ಸರಕಾರ ಹೊಸ ಲೆಕ್ಕಾಚಾರದ ವ್ಯವಸ್ಥೆಯನ್ನು ದೇಶಕ್ಕೆ ಒಪ್ಪಿಸಿತು. ಮುಂಚೆ 12 ಕಿಲೋಮೀಟರ್ ಚೌಕ ಮಾಡಿ ಲೆಕ್ಕ ಹಾಕುತ್ತಿದ್ದರು, ಅದು 6 ಕಿಲೋಮೀಟರ್ ಚೌಕಕ್ಕೆ ಇಳಿಯಿತು. ಒಳ್ಳೆಯದೇ. 2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿ ಮಟ್ಟದ ಐದು ದಿನದ ಮುನ್ಸೂಚನೆಯೂ ಶುರುವಾಯಿತು. ಇದೂ ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ: 6 ಕಿಲೋಮೀಟರ್ ಚೌಕ ಎಂದರೆ ಸುಮಾರು ಒಂಬತ್ತು ಸಾವಿರ ಎಕರೆ. ಆಲಿಕಲ್ಲು ಬೀಳುವುದು ಒಂದು ಪಟ್ಟಿಯಂತೆ. ಎಷ್ಟೋ ಸಲ ಒಂದು ಹಳ್ಳದ ಈಚೆ ದಂಡೆಗೆ ಹೊಡೆದು ಆಚೆ ದಂಡೆ ಬಿಟ್ಟಿರುತ್ತದೆ.

ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ, ಮಾರ್ಚ್ ತಿಂಗಳು. ನನ್ನ ಕಣದಲ್ಲಿ ಹದಿನೆಂಟು ಕ್ವಿಂಟಾಲಿನಷ್ಟು ಬ್ಯಾಡಗಿ ಮೆಣಸಿನಕಾಯಿ ಹರಡಿತ್ತು. ಹಳದಿ ಬಣ್ಣ ಬಂತು, ಒಂದೆರಡು ಕಡೆ ಎಂದಿತ್ತು. ಎರಡು ಸಂಜೆ ಬಳಿದು ಗುಂಪು ಹಾಕಿ ತಾಡಪತ್ರಿ ಮುಚ್ಚಿದೆವು. ಮಳೆ ಇಲ್ಲ. ಅರೆ ಒಣಗಿದ ಕಾಯಿ ಮುಚ್ಚಿಟ್ಟರೆ ಬೆವರುತ್ತದೆ, ಬೂಜು ಹಿಡಿಯುತ್ತದೆ, ಇದು ನಿಮಗೆ ಹೇಳಬೇಕಾಗಿಲ್ಲ. ಬಳಿಯುವ, ಹರಡುವ ಆಳಿನ ಕೂಲಿ ಬೇರೆ. ಮೂರನೇ ಸಂಜೆ ಮನೆಯವರು "ಮುಚ್ಚೋಣು" ಎಂದರು. ನಾನು "ಸುಮ್ನಿರು, ದಿನಾ ಇದೇ ಆತು" ಎಂದೆ. ರಾತ್ರಿ ಎಂಟಕ್ಕೆ ಶುರುವಾದ ಮಳೆ ಬರೀ ಅರ್ಧ ತಾಸು ಹೊಡೆಯಿತು. ಪೇಟೆಯಲ್ಲಿ ಖರೀದಿದಾರ ಒಂದು ಹಿಡಿ ಕಾಯಿ ಎತ್ತಿ ನೋಡಿದ, "ಮಳಿ ಹೊಡ್ದೈತಿ ಗೌಡ್ರ" ಎಂದ, ಧಾರಣೆಯಲ್ಲಿ ಮೂರರಲ್ಲಿ ಒಂದು ಪಾಲು ಮುರಿದ. ಆ ವರ್ಷ ಸೊಸೈಟಿಯ ಕಂತು ಕಟ್ಟಲು ಕೈಗಡ ಮಾಡಿದೆ. ತಪ್ಪು ಯಾರದು? ಹವಾಮಾನದವರು ಹೇಳಿದ್ದರು. ಕೇಳದವನು ನಾನು. ಆದರೆ ಎರಡು ದಿನ ಕೇಳಿದ್ದಕ್ಕೆ ಆದ ಖರ್ಚು ಯಾರ ಲೆಕ್ಕಕ್ಕೆ ಹೋಗಬೇಕು ಹೇಳಿ?

ಸಿಡಿಲಿನ ಮಾತಿಗೆ ಬರೋಣ. ಇಲ್ಲಿ ಲೆಕ್ಕ ಬೇಡ, ಸೂಚನೆ ಹತ್ತು ಸಲ ಸುಳ್ಳಾದರೂ ಹನ್ನೊಂದನೇ ಸಲ ಕೇಳಲೇಬೇಕು. ದೇಶದಲ್ಲಿ 2022ರಲ್ಲಿ ಸಿಡಿಲು ಹೊಡೆದು ಸತ್ತವರು 2,887 ಜನ, ಇದು ಸರಕಾರದ ಅಪರಾಧ ದಾಖಲೆ ಬ್ಯೂರೋ ಕೊಟ್ಟ ಲೆಕ್ಕ. ಆ ವರ್ಷ ಪ್ರಕೃತಿ ವಿಕೋಪದಲ್ಲಿ ಸತ್ತವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಇವರೇ. ಸಾಯುವವರು ಯಾರು? ಹೊಲದಲ್ಲಿ ಇದ್ದವರು, ದನ ಕಾಯುವವರು, ಮಳೆ ಬಂತೆಂದು ಬೇವಿನ ಮರದಡಿ ನಿಂತವರು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರು ಮಾಡಿದ ದಾಮಿನಿ ಎಂಬ ಆ್ಯಪ್ ಇದೆ. ನಿಮ್ಮ ಸುತ್ತ 20, 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹಾಕಿಸಿಕೊಳ್ಳಿ. ಮೊಬೈಲ್ ಇಲ್ಲದಿದ್ದರೂ ಆಯಿತು, ಬಾಯಲ್ಲೇ ಎಣಿಸಿ. ಮಿಂಚು ಕಂಡ ಮೇಲೆ ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲು ಆಗಲಿಲ್ಲವೆಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಕೆಲಸ ಬಿಟ್ಟು ಗಟ್ಟಿ ಮನೆಗೆ ಹೋಗಿ. ಕಡೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊರಗೆ ಬರಬೇಡಿ. ಮೇಲೆ ಹೊದಿಕೆ ಇಲ್ಲದ ಟ್ರ್ಯಾಕ್ಟರ್ ನಿಮ್ಮನ್ನು ಕಾಯುವುದಿಲ್ಲ. ಒಂಟಿ ಮರದಡಿ ನಿಲ್ಲಬೇಡಿ, ಎತ್ತನ್ನೂ ಕಟ್ಟಬೇಡಿ. ಮರಕ್ಕೆ ಹೊಡೆದ ಸಿಡಿಲು ನೆಲದಲ್ಲಿ ಹರಿಯುತ್ತದೆ. ದನದ ಮುಂಗಾಲಿನಿಂದ ಹಿಂಗಾಲಿಗೆ ದೂರ ಹೆಚ್ಚು, ಆ ದೂರದಲ್ಲೇ ವಿದ್ಯುತ್ತು ಮೈಯೊಳಗೆ ಹಾಯುತ್ತದೆ. ಒಂದೇ ಮರದಡಿ ಇಪ್ಪತ್ತು ಕುರಿ ಒಟ್ಟಿಗೆ ಸಾಯುವುದು ಇದರಿಂದಲೇ, ದೇವರ ಕೋಪದಿಂದಲ್ಲ.

ಇಷ್ಟು ಜನ ಸಾಯುವ ಸಿಡಿಲು, 2022ರಿಂದ 2026ರವರೆಗಿನ ಪರಿಹಾರ ನಿಯಮಗಳ ಕಾಲದಲ್ಲಿ ಕೇಂದ್ರ ಸರಕಾರ ಗೊತ್ತು ಮಾಡಿದ್ದ ವಿಕೋಪಗಳ ಪಟ್ಟಿಯಲ್ಲೇ ಇರಲಿಲ್ಲ ಎಂದರೆ ನಂಬುತ್ತೀರಾ? ಆಲಿಕಲ್ಲು ಇತ್ತು, ಬೆಂಕಿ ಇತ್ತು, ಹಿಮಪಾತ ಇತ್ತು, ಸುನಾಮಿ ಇತ್ತು. ಸಿಡಿಲು ಇರಲಿಲ್ಲ, ಬಿಸಿಗಾಳಿ ಇರಲಿಲ್ಲ. ರಾಜ್ಯಗಳು ತಮ್ಮ ವಿಪತ್ತು ನಿಧಿಯ ನೂರಕ್ಕೆ ಹತ್ತು ಪಾಲಿನೊಳಗೆ ಬೇಕಾದರೆ ತಾವೇ ಸೇರಿಸಿಕೊಂಡು ಕೊಡಬಹುದು ಎಂದು ಬಿಟ್ಟಿದ್ದರು. ಹೊಲದಲ್ಲಿ ಸಾಯುವವನಿಗೆ ಹತ್ತು ಪಾಲಿನ ಮಿತಿ!

ಬಿಸಿಲಿನ ಮಾತೂ ಹಾಗೆಯೇ. ಬಯಲು ಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಆ ಕಾಲಕ್ಕೆ ವಾಡಿಕೆಯಾಗಿ ಇರಬೇಕಾದ್ದಕ್ಕಿಂತ ನಾಲ್ಕೂವರೆ ಡಿಗ್ರಿ ಏರಿದರೆ ಅದು ಬಿಸಿಗಾಳಿ. 45 ದಾಟಿದರೆ ವಾಡಿಕೆ ನೋಡುವ ಗೋಜಿಲ್ಲ. ಇಲ್ಲೊಂದು ತಮಾಷೆ ಇದೆ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಚೆ ಈಚೆ. ಹೀಗಾಗಿ 43 ಡಿಗ್ರಿ ಸುಡುತ್ತಿದ್ದರೂ ಕಾಗದದ ಮೇಲೆ ಅದು ಬಿಸಿಗಾಳಿ ಆಗಲಿಕ್ಕಿಲ್ಲ. ಎಮ್ಮೆಗೆ ಈ ಲೆಕ್ಕ ಗೊತ್ತಿಲ್ಲ, ಹಾಲು ಇಳಿಸಿಬಿಡುತ್ತದೆ. ಟೊಮೆಟೋ ಗಿಡಕ್ಕೂ ಗೊತ್ತಿಲ್ಲ, ಹೂ ಉದುರಿಸುತ್ತದೆ.

ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸಲು ಸರಕಾರ ವರ್ಷ ವರ್ಷವೂ ಆದೇಶ ಮಾಡುತ್ತ ಬಂದಿದೆ. ನೌಕರರ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ಮನುಷ್ಯರೇ. ಆದರೆ ಅದೇ ಊರಿನ ಮಾರುಕಟ್ಟೆ ಅಂಗಳದಲ್ಲಿ ತೊಗರಿ ಚೀಲದ ಮೇಲೆ ಕೂತು ತೂಕಕ್ಕೆ ಕಾಯುವ ರೈತನಿಗೆ, ಬೆನ್ನ ಮೇಲೆ ಚೀಲ ಹೊರುವ ಹಮಾಲನಿಗೆ ಮಧ್ಯಾಹ್ನದ ಎರಡು ಗಂಟೆ ಬಿಸಿಲು ತಂಪೇ? ಕಿತ್ತಳೆ ಬಣ್ಣ ಬಂದ ದಿನ ತೂಕ, ಹರಾಜು ಬೆಳಿಗ್ಗೆ ಏಳಕ್ಕೇ ಶುರುವಾಗಲಿ, ಅಂಗಳದಲ್ಲಿ ನೆರಳು, ಕುಡಿಯುವ ನೀರು ಇರಲಿ ಎಂದು ಸಮಿತಿಯವರನ್ನು ಕೇಳಿ. ಸೆಸ್ ಕಟ್ಟಿಸಿಕೊಳ್ಳುವುದು ಏತಕ್ಕೆ?

ಬಿಸಿಲಿಗೂ ಬೆಲೆಗೂ ಇರುವ ನಂಟಿಗೆ 2022ನ್ನು ನೆನಪು ಮಾಡಿಕೊಳ್ಳಿ. ಆ ಮಾರ್ಚ್ ತಿಂಗಳು ದೇಶಕ್ಕೆ 1901ರಿಂದ ಈಚೆಗೆ ಅಷ್ಟು ಬಿಸಿಯಾದ ಮಾರ್ಚ್ ಇರಲಿಲ್ಲ. ಪಂಜಾಬ್, ಹರಿಯಾಣದಲ್ಲಿ ಗೋಧಿ ಹಾಲುಗಟ್ಟುವ ಹೊತ್ತಿಗೆ ಬಿಸಿಲು ಹೊಡೆದು ಕಾಳು ಜೊಳ್ಳಾಯಿತು. ಫೆಬ್ರುವರಿಯಲ್ಲಿ 11 ಕೋಟಿ 13 ಲಕ್ಷ ಟನ್ ಬರುತ್ತದೆ ಎಂದಿದ್ದ ಸರಕಾರ ಮೇ ತಿಂಗಳಲ್ಲಿ 10 ಕೋಟಿ 64 ಲಕ್ಷಕ್ಕೆ ಇಳಿಸಿತು. ಬೆಂಬಲ ಬೆಲೆ ಕ್ವಿಂಟಾಲಿಗೆ 2,015 ರೂಪಾಯಿ. ಉಕ್ರೇನಿನ ಯುದ್ಧದಿಂದ ಹೊರದೇಶದಲ್ಲಿ ದರ ಏರಿ, ಖಾಸಗಿಯವರು ಅದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದರು. ಕಡಿಮೆ ಬೆಳೆದ ರೈತ ಬೆಲೆಯಲ್ಲಾದರೂ ಸರಿದೂಗಿಸಿಕೊಳ್ಳುತ್ತಿದ್ದ. ಮೇ 13, ಶುಕ್ರವಾರ, ರಫ್ತು ಬಂದ್ ಎಂದು ಆದೇಶ ಬಂತು. ಇಳುವರಿಯನ್ನು ಬಿಸಿಲು ತಿಂದಿತು, ಬೆಲೆಯನ್ನು ದಿಲ್ಲಿ ತಿಂದಿತು. ಬಿಸಿಲಿಗೆ ಮೂರು ದಿನದ ಮುನ್ಸೂಚನೆ ಇತ್ತು. ಆದೇಶಕ್ಕೆ ಮೂರು ಗಂಟೆಯದೂ ಇರಲಿಲ್ಲ.

ಬೆಂಕಿಯ ವಿಚಾರ ಚುಟುಕಾಗಿ ಹೇಳಿಬಿಡುತ್ತೇವೆ. ಒಣ ಗಾಳಿ, ಸುಡು ಬಿಸಿಲು, ಜೋರು ಬೀಸು ಮೂರೂ ಕೂಡಿದ ದಿನ ಒಂದು ಕಿಡಿ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿದ್ದು ನೆನಪಿದೆಯಲ್ಲ. ಡೆಹರಾಡೂನಿನ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದಿಂದ ಬೆಂಕಿ ಕಂಡು ಮೊಬೈಲಿಗೆ ಸಂದೇಶ ಕಳಿಸುತ್ತದೆ, ಕಾಡಂಚಿನ ಊರಿನವರು ಹೆಸರು ನೋಂದಾಯಿಸಿಕೊಳ್ಳಬಹುದು. ಆದರೆ ಬಯಲಿನ ನಮ್ಮ ಬಣವೆಗೆ, ಕಬ್ಬಿನ ಗದ್ದೆಗೆ ಬೆಂಕಿ ತರುವುದು ಬಹಳ ಸಲ ಜೋತುಬಿದ್ದ ಕರೆಂಟಿನ ತಂತಿ. ಬಿರುಗಾಳಿಗೆ ಎರಡು ತಂತಿ ತಾಕುತ್ತವೆ, ಕಿಡಿ ಒಣ ರವದಿಯ ಮೇಲೆ ಬೀಳುತ್ತದೆ. ಸುಟ್ಟ ಕಬ್ಬನ್ನು ಕಾರ್ಖಾನೆಯವರು ಉಪಕಾರ ಮಾಡಿದಂತೆ ಒಯ್ಯುತ್ತಾರೆ, ಟನ್ನಿಗೆ ಇಷ್ಟು ಎಂದು ಮುರಿದುಕೊಳ್ಳುತ್ತಾರೆ. ಬೆಳೆ ವಿಮೆಯಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿಗೆ ಜಾಗ ಇದೆ, ತಂತಿಯಿಂದ ಹತ್ತಿದ ಬೆಂಕಿಗೆ ಇಲ್ಲ. ಅದನ್ನು ವಿದ್ಯುತ್ ಕಂಪನಿಯ ಮೇಲೆಯೇ ಹಾಕಬೇಕು. ಅದಕ್ಕೆ ಈಗಲೇ, ಬೆಂಕಿ ಬೀಳುವ ಮೊದಲೇ, ನಿಮ್ಮ ಹೊಲದ ಮೇಲೆ ತಂತಿ ಜೋತಿದೆ ಎಂದು ಸೆಕ್ಷನ್ ಆಫೀಸಿಗೆ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸಹಿ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ. ಕೆ.ಇ.ಬಿ. ಹೋಗಿ ಎಷ್ಟೋ ವರ್ಷ ಆಯಿತು, ಹೆಸರು ನಮ್ಮ ಬಾಯಿಂದ ಹೋಗಿಲ್ಲ, ತಂತಿಯೂ ಕಂಬದಿಂದ ಹೋಗಿಲ್ಲ.

ಈಗ ಮುಖ್ಯ ಮಾತು. ಮುನ್ಸೂಚನೆ ಬರುವುದು ನಮಗೊಬ್ಬರಿಗೇ ಅಲ್ಲ. ದಲಾಲನಿಗೂ ಬರುತ್ತದೆ, ಲಾರಿಯವನಿಗೂ ಬರುತ್ತದೆ, ಭತ್ತ ಕೊಯ್ಯುವ ಮಿಷನ್ ಇಟ್ಟವನಿಗೂ ಬರುತ್ತದೆ. ಗಂಗಾವತಿ, ಸಿಂಧನೂರು ಕಡೆ ಬೇಸಿಗೆ ಬೆಳೆಗೆ ಕಾಲುವೆ ನೀರು ಸಿಕ್ಕ ವರ್ಷ ಏಪ್ರಿಲ್ ಕೊನೆಯಲ್ಲಿ ಏನಾಗುತ್ತದೆ ನೋಡಿ. ಕಿತ್ತಳೆ ಬಣ್ಣ ಬಂತೆಂದರೆ ಒಂದೇ ದಿನ ಎಲ್ಲರಿಗೂ ಮಿಷನ್ ಬೇಕು. ತಾಸಿನ ಬಾಡಿಗೆ ಏರುತ್ತದೆ. ಕೊಯ್ದ ಭತ್ತ ಹಸಿ. ಸರಕಾರದ ಖರೀದಿಯಲ್ಲಿ ತೇವ ನೂರಕ್ಕೆ 17 ಮೀರಬಾರದು. ಒಣಗಿಸಲು ಕಣ ಇಲ್ಲ, ರಸ್ತೆಯ ಮೇಲೆ ಹಾಕುತ್ತೇವೆ, ಅಲ್ಲಿ ಮಳೆ ಕಾಯುತ್ತಿದೆ. ಎಲ್ಲ ಭತ್ತ ಒಂದೇ ವಾರ ಪೇಟೆಗೆ. ಖರೀದಿದಾರ ಮುಗಿಲು ನೋಡಿ ನಗುತ್ತಾನೆ: "ಬೇಕಾದ್ರ ಕೊಡ್ರಿ, ಇಲ್ಲಾಂದ್ರ ಮನಿಗೆ ಒಯ್ರಿ." ಮನೆಗೆ ಒಯ್ದರೆ ಮೊಳಕೆ. ಹೀಗೆ ಮೂರು ದಿನ ಮೊದಲು ತಿಳಿದ ಸುದ್ದಿ ಏನಾಯಿತು? ಯಾವ ದಿನ ಸೋವಿಗೆ ಮಾರಬೇಕು ಎಂದು ಮೊದಲೇ ಗೊತ್ತಾದಂತೆ ಆಯಿತು. ಅಷ್ಟೇ.

ಬಾಳೆಗಾರನ ಸ್ಥಿತಿ ಇನ್ನೂ ಕಷ್ಟ. ಗಂಟೆಗೆ ಐವತ್ತು ಕಿಲೋಮೀಟರ್ ಗಾಳಿ ಎಂದು ಗೊತ್ತಾದರೆ ಗೊನೆ ಹೊತ್ತ ಸಾವಿರ ಗಿಡಕ್ಕೆ ಎರಡು ದಿನದಲ್ಲಿ ಊರುಗೋಲು ಕೊಡಲು ಆಗುತ್ತದೆಯೇ? ಬಲಿತ ಗೊನೆ ಕಡಿದು ಮಾರೋಣ ಎಂದರೆ ಊರೆಲ್ಲ ಕಡಿಯುತ್ತದೆ. ಮಾವಿನವನೂ ಅಷ್ಟೇ. ಶ್ರೀನಿವಾಸಪುರದ ಮಂಡಿಗೆ ಗಾಳಿಗೆ ಉದುರಿದ ಕಾಯಿ ಒಯ್ದವನಿಗೆ ಲಾರಿ ಬಾಡಿಗೆ ಹುಟ್ಟಿದರೆ ಪುಣ್ಯ.

ಆದುದರಿಂದ ಸರಕಾರ ಸುದ್ದಿ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಸುದ್ದಿಯ ಜೊತೆ ಸಾಮಾನು ಬೇಕು. ರೈತ ಸಂಪರ್ಕ ಕೇಂದ್ರಗಳಲ್ಲಿ ರಿಯಾಯಿತಿಯ ತಾಡಪತ್ರಿ ಕೊಡುತ್ತಾರೆ. ಅದು ಎಲ್ಲ ಕೇಳಿದವರಿಗೂ, ಮಾಘ ಮುಗಿಯುವುದರೊಳಗೆ ಸಿಗಬೇಕು, ಮಳೆ ಹೊಡೆದ ಮೇಲಲ್ಲ. ಊರಿಗೊಂದು ಸಿಮೆಂಟಿನ ಕಣ ಬೇಕು. ಹೋಬಳಿಗೊಂದು ಗೋದಾಮು, ಅಲ್ಲಿ ಮಾಲು ಇಟ್ಟವನಿಗೆ ಅದೇ ದಿನ ಅಡಮಾನ ಸಾಲ ಬೇಕು. ಕಿತ್ತಳೆ, ಕೆಂಪು ಬಣ್ಣ ಬಂದ ವಾರ ಖರೀದಿ ಕೇಂದ್ರ ರಾತ್ರಿಯೂ ತೆರೆದಿರಬೇಕು, ತೇವದ ಮಿತಿ ಸಡಿಲಬೇಕು. ಆಗುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ ಕೊಡಿ: 2023ರ ವಸಂತದಲ್ಲಿ ಪಂಜಾಬ್, ಹರಿಯಾಣ, ಮಧ್ಯಪ್ರದೇಶದ ಗೋಧಿ ಅಕಾಲ ಮಳೆಗೆ ಬಣ್ಣ ಕಳೆದುಕೊಂಡಾಗ ಕೇಂದ್ರ ಸರಕಾರ ಗುಣಮಟ್ಟದ ನಿಯಮ ಸಡಿಲಿಸಿ ಕೊಂಡಿತು. ಗೋಧಿಗೆ ಆದದ್ದು ನಮ್ಮ ಭತ್ತಕ್ಕೆ, ಕಡಲೆಗೆ, ಜೋಳಕ್ಕೆ ಯಾಕಾಗದು?

ವಿಮೆಯ ಮಾತು ಹೇಳದೆ ಇರಲಾಗುವುದಿಲ್ಲ, ನಿಮಗೆ ಬೇಸರ ಬಂದಿರಬಹುದಾದರೂ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ 5 ರೂಪಾಯಿ ರೈತನ ಪಾಲಿನ ಕಂತು. ಆಲಿಕಲ್ಲು, ಮೋಡ ಸ್ಫೋಟ, ಹೊಲ ಜಲಾವೃತವಾಗುವುದು, ಸಿಡಿಲಿನ ಬೆಂಕಿ, ಇವಕ್ಕೆ ಒಬ್ಬೊಬ್ಬ ರೈತನ ಹೊಲ ನೋಡಿ ಕೊಡುವ ನಿಯಮ ಇದೆ. ಕೊಯ್ದು ಹೊಲದಲ್ಲೇ ಹರಡಿದ ಬೆಳೆಗೆ ಹದಿನಾಲ್ಕು ದಿನದವರೆಗೆ ರಕ್ಷಣೆ ಇದೆ. ಆದರೆ 72 ತಾಸಿನೊಳಗೆ ತಿಳಿಸಬೇಕು. ಬಿರುಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲ, ಟವರ್ ಸತ್ತಿದೆ, ಯಾರಿಗೆ ತಿಳಿಸುವುದು? ಇಲ್ಲಿ ಮುನ್ಸೂಚನೆ ನಿಮ್ಮ ಉಪಯೋಗಕ್ಕೆ ಬರಬೇಕು. ಕಿತ್ತಳೆ ಬಣ್ಣ ಬಂದ ಕೂಡಲೇ ನಿಂತ ಬೆಳೆಯ ಫೋಟೋ ತೆಗೆದಿಡಿ, ಹೊಲದ ಗುರುತಿನ ಮರ, ಕಂಬ ಕಾಣುವಂತೆ. ಪಹಣಿಯಲ್ಲಿ ಇರುವ ಬೆಳೆ, ಬೆಳೆ ಸಮೀಕ್ಷೆಯಲ್ಲಿ ಹಾಕಿದ ಬೆಳೆ, ಹೊಲದಲ್ಲಿ ನಿಂತ ಬೆಳೆ ಮೂರೂ ಒಂದೇ ಇವೆಯೇ ಎಂದು ಇವತ್ತೇ ನೋಡಿ. ಮೊಬೈಲ್ ಚಾರ್ಜ್ ಮಾಡಿಡಿ. ಹಾನಿಯಾದ ಮರುದಿನವೇ ಬಾಯಿ ಮಾತಲ್ಲದೆ ಬರವಣಿಗೆಯಲ್ಲೂ ಕೃಷಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮಾವು, ದ್ರಾಕ್ಷಿ, ಅಡಿಕೆ, ಮೆಣಸಿನವರಿಗೆ ಹವಾಮಾನ ಆಧಾರಿತ ವಿಮೆ ಬೇರೆ. ಅಲ್ಲಿ ಹೊಲ ನೋಡುವ ಮಾತೇ ಹೆಚ್ಚಾಗಿ ಇಲ್ಲ, ಮಾಪಕ ಏನು ಹೇಳಿತೋ ಅದೇ ವೇದ. ನಿಮ್ಮ ತೋಟದಲ್ಲಿ ಮಳೆ ಹೊಡೆದು ಮಾಪಕದ ಮೇಲೆ ಬಿಸಿಲಿದ್ದರೆ ಪರಿಹಾರ ಇಲ್ಲ. ಮಾಪಕಕ್ಕೆ ಹಕ್ಕಿ ಗೂಡು ಕಟ್ಟಿದ್ದರೂ ಅದು ಹೇಳಿದ್ದೇ ಸತ್ಯ.

ಇನ್ನು ಸರಕಾರದ ಪರಿಹಾರ. 2022ರಿಂದ 2026ರ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ ಎರಡು ಹೆಕ್ಟೇರಿಗೆ ಮಿತಿ, ನೂರಕ್ಕೆ 33 ಪಾಲು ಹಾನಿಯಾಗಿದ್ದರೆ. ಅಂದರೆ ಖುಷ್ಕಿ ಎಕರೆಗೆ 3,400 ರೂಪಾಯಿ. ಬೀಜ, ಗೊಬ್ಬರ, ಔಷಧಿ, ಆಳು ಸೇರಿ ನಿಮ್ಮ ಎಕರೆಯ ಖರ್ಚು ಎಷ್ಟು ಎಂದು ನೀವೇ ಈ ಹಾಳೆಯ ಅಂಚಿನಲ್ಲಿ ಬರೆದು ನೋಡಿ. ಉಳಿದದ್ದು ಸಾಲಕ್ಕೆ ಹೋಯಿತು. ನಮ್ಮ ರಾಜ್ಯದಲ್ಲಿ 2023-24ರಲ್ಲಿ ಸಹಕಾರಿ ಸಂಘದ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಕೇಳಲು ಚೆಂದ. ಆದರೆ ಬಡ್ಡಿ ಇಲ್ಲದಿರುವುದು ವಾಯಿದೆಯೊಳಗೆ ಕಟ್ಟಿದವನಿಗೆ ಮಾತ್ರ. ಆಲಿಕಲ್ಲು ಹೊಡೆದು ವಾಯಿದೆ ತಪ್ಪಿದವನಿಗೆ ಬಡ್ಡಿ ಬೀಳುತ್ತದೆ. ವಿಕೋಪಕ್ಕೆ ಸಿಕ್ಕವರ ಬೆಳೆ ಸಾಲವನ್ನು ಮುಂದೂಡಿ ಕಂತು ಮಾಡಿಕೊಡಲು ರಿಸರ್ವ್ ಬ್ಯಾಂಕು 2018ರ ನಿರ್ದೇಶನದಲ್ಲೇ ದಾರಿ ಇಟ್ಟಿತ್ತು. ಅದು ತೆರೆಯುವುದು ಸರಕಾರ ಆ ಪ್ರದೇಶವನ್ನು ವಿಕೋಪ ಪೀಡಿತ ಎಂದು ಘೋಷಿಸಿದ ಮೇಲೆ. ಬರ ಬಂದರೆ ತಾಲ್ಲೂಕೇ ಘೋಷಣೆಯಾಗುತ್ತದೆ. ಮೂರು ಊರಿಗೆ ಆಲಿಕಲ್ಲು ಹೊಡೆದರೆ ಯಾರು ಘೋಷಿಸುತ್ತಾರೆ? ಬೇಸಿಗೆ ಬಿರುಗಾಳಿಯ ಹಾನಿಗೆ ಊರನ್ನೇ ಘಟಕ ಮಾಡಿ ಘೋಷಿಸಬೇಕು, ಆ ದಿನದಿಂದಲೇ ವಸೂಲಿ ನಿಲ್ಲಬೇಕು. ಇದು ನಾವು ಬಿಡಬಾರದ ಬೇಡಿಕೆ.

ಸುದ್ದಿಯನ್ನು ಅರ್ಥ ಮಾಡಿಸುವವರನ್ನೂ ಸರಕಾರ ಉಳಿಸಿಕೊಳ್ಳಲಿಲ್ಲ ಎಂಬುದನ್ನೂ ಬರೆದಿಡಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕ ಎಂದು ದೇಶದಲ್ಲಿ 199 ಕಡೆ ತೆರೆದಿದ್ದರು. ಮಂಗಳವಾರ, ಶುಕ್ರವಾರ ಮುನ್ಸೂಚನೆ ನೋಡಿ, ಈ ವಾರ ಔಷಧಿ ಹೊಡೆಯಬೇಡಿ, ನೀರು ಬಿಡಬೇಡಿ, ಕೊಯ್ಲು ಮಾಡಿ ಎಂದು ಜಿಲ್ಲೆಯ ಬೆಳೆಗೆ ತಕ್ಕಂತೆ, ಆಯಾ ಭಾಷೆಯಲ್ಲಿ ಬರೆಯುತ್ತಿದ್ದರು. 2024ರ ಜನವರಿಯಲ್ಲಿ ಆದೇಶ ಮಾಡಿ ಮಾರ್ಚ್ ಬರುವುದರೊಳಗೆ ಅವನ್ನು ಮುಚ್ಚಿಸಿದರು, ಬೇಸಿಗೆ ಗುಡುಗು ಮಳೆ ಶುರುವಾಗುವ ಹೊತ್ತಿಗೆ ಸರಿಯಾಗಿ! ಯಂತ್ರ ದೊಡ್ಡದಾಯಿತು, ಚೌಕ ಚಿಕ್ಕದಾಯಿತು, ನಮ್ಮ ಜೊತೆ ಮಾತಾಡುತ್ತಿದ್ದ ಹುಡುಗರು ಮನೆಗೆ ಹೋದರು.

ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದು ಮಳೆ ಮಾಪಕ ನಿಲ್ಲಿಸಿದೆ, ಇದು ಬೇರೆ ಎಷ್ಟೋ ರಾಜ್ಯಗಳಲ್ಲಿ ಇಲ್ಲ, ಹೊಗಳಬೇಕಾದ್ದನ್ನು ಹೊಗಳೋಣ. ಅದರ ವರುಣ ಮಿತ್ರ ಎಂಬ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರ ಹೆಸರು ಕೇಳಿ ಮಳೆ ಹೇಳುತ್ತಾರೆ. ಈ ಸಂಚಿಕೆ ಕೈಗೆ ಬಂದ ವಾರ ನೀವು ಒಂದು ಕೆಲಸ ಮಾಡಿ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಹುಡುಕಿ. ಮರದ ಕೆಳಗಿದೆಯೇ, ಗೋಡೆಗೆ ಒತ್ತಿದೆಯೇ, ಬೇಲಿ ಇದೆಯೇ, ಒಳಗೆ ಕಸ ತುಂಬಿದೆಯೇ ನೋಡಿ. ಕೆಟ್ಟಿದ್ದರೆ ಪಂಚಾಯಿತಿಗೆ, ತಹಶೀಲ್ದಾರರಿಗೆ ಅರ್ಜಿ ಕೊಡಿ. ಊರಿನ ಹೆಸರು, ಹೋಬಳಿ, ಕಂಡ ಸ್ಥಿತಿ, ಅರ್ಜಿ ಕೊಟ್ಟ ತಾರೀಖು ಇಷ್ಟನ್ನು ಒಂದು ಕಾರ್ಡಿನಲ್ಲಿ ನಮಗೂ ಬರೆಯಿರಿ. ಮೃಗಶಿರಾ ಮಳೆ ಹಿಡಿಯುವ ಮೊದಲಿನ ಸಂಚಿಕೆಯಲ್ಲಿ ಊರುವಾರು ಅಚ್ಚು ಹಾಕುತ್ತೇವೆ.